ಮುಚ್ಚಳವಿಲ್ಲದ ಊರಿನ ಕೇರೆಮರಿ

ಆ ಊರಿಗೆ ದಾರಿ ಕೇಳಿಕೊಂಡು ಹೊರಟವರು ಇನ್ನೂ ತಲುಪಿಲ್ಲ. ದಾರಿ ತಪ್ಪಿದವರು ಮಾತ್ರ ಹೋಗಿ ನೋಡಿ ಬಂದಿದ್ದಾರೆ. ಅವರು ಬಂದು ಹೇಳಿದ ಮೊದಲ ಮಾತು ಇದು: ಆ ಊರಿನಲ್ಲಿ ಯಾವುದಕ್ಕೂ ಮುಚ್ಚಳ ಇಲ್ಲ.

ಗಡಿಗೆಗೆ ಮುಚ್ಚಳ ಇಲ್ಲ. ರಾಗಿ ತುಂಬಿದ ವಾಡೆಗೆ ಮುಚ್ಚಳ ಇಲ್ಲ. ಮನೆಗೆ ಬಾಗಿಲಿನ ಚೌಕಟ್ಟು ಉಂಟು, ಕದ ಇಲ್ಲ. ತೊಟ್ಟಿಲಿಗೆ ಹೊದಿಸುವ ಬಟ್ಟೆ ಇಲ್ಲ. ಉಣ್ಣುವುದು ಜಗಲಿಯ ಮೇಲೆ, ಬೀದಿಗೆ ಮುಖ ಮಾಡಿ. ಜಗಳ ಜಗಲಿಯ ಮೇಲೆ, ಅಳುವುದೂ ಜಗಲಿಯ ಮೇಲೆ. ಮಲಗುವಾಗ ಕಂಬಳಿ ಕುತ್ತಿಗೆಯವರೆಗೆ ಮಾತ್ರ. ಮುಖದ ಮೇಲೆ ಎಳೆದುಕೊಂಡರೋ, ಪಕ್ಕದವರು ಎಬ್ಬಿಸಿ ಕೇಳುತ್ತಿದ್ದರು, ‘ಏನು ಬಚ್ಚಿಟ್ಕಂಡಿದ್ದೀಯ?’

ಊರಿಗೊಬ್ಬ ನೋಟಗಾರ ಇದ್ದ. ಸೊಂಟದ ಮೇಲೆ ಬೂದಿಯ ಗಡಿಗೆ ಇಟ್ಟುಕೊಂಡು ಬೀದಿ ಬೀದಿ ಸುತ್ತುತ್ತಿದ್ದ. ಕರು ಹಾಕಲಿ, ಕೂಸು ಹುಟ್ಟಲಿ, ಮುದುಕ ಸಾಯಲಿ, ಅವನು ಬಂದು ನಿಂತು ಕೇಳುತ್ತಿದ್ದದ್ದು ಒಂದೇ ಮಾತು: ‘ಕಂಡವರು ಯಾರು?’ ಯಾರಾದರೂ ಮುಂದೆ ಬಂದು ‘ನಾನು ಕಂಡೆ’ ಅನ್ನಬೇಕು. ಹಾಗೆ ಅಂದರೆ ಆ ಸಂಗತಿ ಆಯಿತು. ಯಾರೂ ಅನ್ನದಿದ್ದರೆ ಆಗಲಿಲ್ಲ, ಅಷ್ಟೇ. ಬೂದಿಯ ಗಡಿಗೆಗೂ ಮುಚ್ಚಳ ಇಲ್ಲವಲ್ಲ, ಗಾಳಿ ಬೀಸಿದಾಗೆಲ್ಲ ಬೂದಿ ಎದ್ದು ಅವನ ಕಣ್ಣಿಗೇ ತುಂಬುತ್ತಿತ್ತು. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ನೋಡಬೇಕಾದ ಆ ಕಣ್ಣು ಎರಡೂ ಕೆಂಪಗೆ, ಸದಾ ನೀರು ಸುರಿಸುತ್ತಿದ್ದವು.

ಮುಚ್ಚಳ ಇಲ್ಲದ ಕಡೆ ಇಲಿ ಇರದೆ ಇನ್ನೇನಿರುತ್ತದೆ? ಬೆಕ್ಕಿನಷ್ಟು ದಪ್ಪ ಇಲಿಗಳು. ಅದಕ್ಕೇ ಆ ಊರಿನವರು ಮನೆಮನೆಗೊಂದು ಕೇರೆಹಾವು ಸಾಕಿದ್ದರು. ಸೂರಿನ ತೊಲೆಯ ಮೇಲೆ ಹಾವು, ಕೆಳಗೆ ಜನ. ಹಾವಿಲ್ಲದ ಮನೆಯಲ್ಲಿ ಒಲೆ ಉರಿಯುವ ಹಾಗಿಲ್ಲ. ಒಂದು ಮನೆಯ ಇಲಿ ಹತ್ತು ಮನೆಗೆ ಹೋಗುತ್ತದೆ ಅಂತ. ಹಳೆಯ ಹಾವು ಸತ್ತರೆ ಹೊಸ ಮರಿ ತರಬೇಕು. ತಂದ ಮರಿ ಆ ಮನೆಯಲ್ಲಿ ಮೊದಲ ಸಲ ಪೊರೆ ಬಿಡುವುದರೊಳಗೆ, ನಾಲ್ಕು ಜನರ ಕಣ್ಣೆದುರು ಒಂದು ಇಲಿಮರಿ ನುಂಗಬೇಕು. ನುಂಗದಿದ್ದರೆ ಅದು ಆ ಮನೆಯನ್ನು ಒಪ್ಪಲಿಲ್ಲ ಅಂತ ಲೆಕ್ಕ. ನೋಟಗಾರ ಬಂದು ಒಲೆಗೆ ಬೂದಿ ಸುರಿಯುತ್ತಾನೆ. ಒಲೆ ಆರಿದ ಮನೆಯವರಲ್ಲಿ ಊರಿನವರು ಯಾರದಾದರೂ ಜಗಲಿ ಸೇರಬೇಕು, ಹೊರಗಿನಿಂದ ಬಂದವರು ಹೊರಗೇ ಹೋಗಬೇಕು.

ಇಂಥ ಊರಿನ ಕೊನೆಯ ಮನೆಯಲ್ಲಿ ಒಬ್ಬ ಕುಂಬಾರಗಿತ್ತಿ ಇದ್ದಳು.

ಊರಿನ ಗಡಿಗೆಯೆಲ್ಲ ಅವಳ ಕೈಯದೇ. ಅಗಲ ಬಾಯಿ, ಹೊರಗೆ ಬಾಗಿದ ಕಂಠ, ಒಳಗಿರುವುದು ಬೀದಿಗೆ ಕಾಣುವ ಹಾಗೆ. ಅವಳ ಜೊತೆ ಇದ್ದದ್ದು ಸೊಸೆ ಒಬ್ಬಳೇ. ಸೊಸೆ ಹೊರಗಿನವಳು, ಕೆರೆಯ ಆಚೆಯಿಂದ ಬಂದವಳು. ಆಚೆಗೂ ಅವಳಿಗೆ ಈಗ ಯಾರೂ ಉಳಿದಿರಲಿಲ್ಲ. ಮಗ?

ಮಗ ಕೆರೆಯಂಗಳಕ್ಕೆ ಮಣ್ಣು ತರಲು ಹೋದವನು ಬರಲಿಲ್ಲ. ಮಣ್ಣಿನ ಗುಂಡಿ ಕುಸಿದಿತ್ತು. ಗುದ್ದಲಿಯ ಕಾವು ಮಾತ್ರ ಕೆಸರಿನಿಂದ ಮೇಲೆ ನಿಂತಿತ್ತು. ಊರೆಲ್ಲ ಸೇರಿ ಅಗೆಯಿತು. ಅಗೆದಷ್ಟೂ ಕೆಸರು ತುಂಬಿಕೊಂಡಿತು. ಕೊನೆಗೆ ನೋಟಗಾರ ದಡದ ಮೇಲೆ ನಿಂತು ಕೇಳಿದ, ‘ಕಂಡವರು ಯಾರು?’

ಕಂಡವರು ಯಾರೂ ಇರಲಿಲ್ಲ.

‘ಹಾಗಾದ್ರೆ ಆಗಿಲ್ಲ. ಬರ್ತಾನೆ. ತಟ್ಟೆ ಇಡ್ತಾ ಇರಿ,’ ಎಂದು ಕಣ್ಣೊರೆಸಿಕೊಂಡ. ಅದು ಬೂದಿಯ ನೀರೋ ಮತ್ತೆಂಥದೋ, ಅವನ ಕಣ್ಣಲ್ಲಿ ಬೇರೆ ಮಾಡಿ ನೋಡುವುದು ಕಷ್ಟ.

ಅಂದಿನಿಂದ ಆ ಜಗಲಿಯ ಮೇಲೆ ಮೂರು ಮಣ್ಣಿನ ತಟ್ಟೆ. ಅತ್ತೆಯದು, ಸೊಸೆಯದು, ಬರುವವನದು. ಸೊಸೆ ಬೀದಿಗೆ ಮುಖ ಮಾಡಿ ಕೂರುತ್ತಿದ್ದಳು. ಪಕ್ಕದಲ್ಲಿ ಗಂಡನ ತಟ್ಟೆಯ ಮುದ್ದೆ ಹಬೆಯಾಡುತ್ತಿತ್ತು, ಆಮೇಲೆ ಆರುತ್ತಿತ್ತು, ಆಮೇಲೆ ಬಿರಿಯುತ್ತಿತ್ತು. ಹೋಗುವವರು ಬರುವವರು ನಿಂತು, ‘ಉಣ್ಣವ್ವ, ಒಂದು ತುತ್ತು ಉಣ್ಣು’ ಅನ್ನುತ್ತಿದ್ದರು. ಅವಳು ತುತ್ತು ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ, ಅಷ್ಟೂ ಕಣ್ಣುಗಳ ಎದುರು ಬಾಯಿಯ ಹತ್ತಿರ ತಂದು, ತಿರುಗಿ ತಟ್ಟೆಗೇ ಇಡುತ್ತಿದ್ದಳು. ಅಳೋಣವೆಂದರೆ ಸಾಯದವನಿಗೆ ಅಳುವುದು ಹೇಗೆ? ಕುಂಬಾರಗಿತ್ತಿಯೂ ಅತ್ತಿರಲಿಲ್ಲ. ಅಳು ಗಂಟಲಲ್ಲಿ ಹಸಿಮಣ್ಣಿನ ಮುದ್ದೆಯ ಹಾಗೆ ಕೂತು, ಬಾಯಿಗೆ ಬರುವಾಗ ಬೈಗುಳವಾಗಿ ಬರುತ್ತಿತ್ತು. ‘ಹಿಟ್ಟು ದಂಡ, ಸೌದೆ ದಂಡ, ನನ್ನ ಜೀವ ದಂಡ. ಏಳು, ಎದ್ದು ಕೈ ತೊಳಿ!’

ಅಂಥ ಹೊತ್ತಿನಲ್ಲಿ ಮನೆಯ ಮುದಿ ಹಾವು ತೊಲೆಯಿಂದ ಜಾರಿ ಬಿದ್ದು ಸತ್ತಿತು. ಎದುರುಮನೆಯವಳು ಸೊಂಟಕ್ಕೆ ಕೈಕೊಟ್ಟು ನಿಂತು ‘ನಾನು ಕಂಡೆ’ ಅಂದಳು. ಹಾವಿನ ಸಾವು ಸಾವಾಯಿತು. ಕುಂಬಾರಗಿತ್ತಿ ಅದನ್ನು ಹೂಳುತ್ತಾ, ನಿನಗಿದ್ದ ಭಾಗ್ಯ ನನ್ನ ಮಗನಿಗಿಲ್ಲವಲ್ಲೋ ಅಂದುಕೊಂಡು, ಆಮೇಲೆ ಹೊಸ ಮರಿ ತರಲು ಹೊರಟಳು.

ಊರ ಬೇಲಿಯ ಹತ್ತಿರ ಹಾವು ಕೊಡುವ ಮುದುಕಿ ಇರುತ್ತಿದ್ದಳು. ಅವಳು ತೊಡೆಯ ಮೇಲಿಂದ ಒಂದು ಮರಿ ಎತ್ತಿ ಕೊಟ್ಟಳು. ಎಳೆ ಬಳ್ಳಿಯ ಹಾಗೆ ಅದು ಬೆರಳಿಗೆ ಸುತ್ತಿಕೊಂಡಿತು. ಕಂದು ಮೈ, ದೊಡ್ಡ ದೊಡ್ಡ ಕಣ್ಣು, ಸುಮ್ಮನೆ ಗಾಬರಿಯಾದ ಮುಖ.

‘ಇದೇನು ದಾರದೆಳೆ ಕೊಟ್ಟೆ? ಇದು ಇಲಿ ತಿಂತದಾ, ಇದನ್ನೇ ಇಲಿ ತಿಂತದಾ?’ ಎಂದಳು ಕುಂಬಾರಗಿತ್ತಿ.

‘ಕೊಡೋದು ನನ್ನ ಕೆಲಸ ಕಣವ್ವ. ತಿನ್ನೋದು ಅದರ ಕೆಲಸ.’

‘ನಡುವೆ ನನ್ನ ಕೆಲಸ ಏನು?’

ಮುದುಕಿ ತಲೆ ಎತ್ತಿ ಅವಳನ್ನು ನೋಡಿದಳು. ‘ಅದನ್ನ ಇವತ್ತಿನವರೆಗೂ ಯಾರೂ ಕೇಳಿಲ್ಲ,’ ಅಂದಳು, ಇನ್ನೊಂದು ಮರಿಯ ಕಡೆ ತಿರುಗಿಕೊಂಡಳು.

ಕುಂಬಾರಗಿತ್ತಿ ಮರಿಯನ್ನು ತಂದು ಅಗಲ ಬಾಯಿಯ ಮಡಕೆಯಲ್ಲಿ ಬಿಟ್ಟಳು. ತಳದಲ್ಲಿ ಒಣಗಿದ ಮುತ್ತುಗದೆಲೆ ಹಾಸಿದಳು. ಜಗಲಿಯ ನಡುವೆ, ಬಿಸಿಲಲ್ಲಿ, ಎಲ್ಲರಿಗೂ ಕಾಣುವ ಹಾಗೆ ಇಟ್ಟಳು. ರಾಗಿ ವಾಡೆಯ ಹಿಂದಿನಿಂದ ಕಣ್ಣು ಬಿಡದ ಇಲಿಮರಿಯೊಂದನ್ನು ಹಿಡಿದು, ಸಾಯಿಸಿ, ಎಲೆಯ ಮೇಲೆ ಇಟ್ಟು ಅಂದಳು, ‘ತಿನ್ನು.’

ಮರಿ ನಾಲಿಗೆ ಚಾಚಿತು. ನಾಲಿಗೆ ಒಳಗೆ ಎಳೆದುಕೊಂಡಿತು. ಸುರುಳಿ ಸುತ್ತಿ, ಸುರುಳಿಯ ಅಡಿಗೆ ತಲೆ ತೂರಿಸಿ ಮಲಗಿತು.

ಮುಂದಿನ ಸಲ ಇಲಿಮರಿಯನ್ನು ಅಂಗೈಯಲ್ಲಿಟ್ಟು ಬೆಚ್ಚಗೆ ಮಾಡಿ ಇಟ್ಟಳು. ‘ತಿನ್ನು.’ ಮರಿ ತಲೆ ಅಡಗಿಸಿತು.

ಆಮೇಲೆ ಪೊರಕೆ ಕಡ್ಡಿಯ ತುದಿಗೆ ಸಿಕ್ಕಿಸಿ, ಜೀವ ಇರುವ ಹಾಗೆ ಕುಣಿಸಿದಳು. ಮರಿ ಹಿಂದಕ್ಕೆ ಹಿಂದಕ್ಕೆ ಸರಿದು ಮಡಕೆಯ ಗೋಡೆಗೆ ಅಂಟಿತು. ಹಲ್ಲಿಯ ಬಾಲ ತಂದು ಇಲಿಮರಿಯ ಮೈಗೆ ಉಜ್ಜಿದಳು, ವಾಸನೆಗಾದರೂ ಸೋಲಲಿ ಅಂತ. ಸೋಲಲಿಲ್ಲ. ಕಪ್ಪೆಮರಿ ತಂದಳು. ಕಪ್ಪೆ ಹಾರಿ ಹಾವಿನ ತಲೆಯ ಮೇಲೇ ಕೂತಿತು. ಹಾವು ಹೆದರಿ ಹೇಲಿತು, ಕಪ್ಪೆ ಆರಾಮಾಗಿ ಹೋಯಿತು. ಕೈಯಲ್ಲಿ ಹಿಡಿದು ಬಾಯಿ ಬಿಡಿಸಲು ಹೋದಳು. ಮರಿ ಅವಳ ಕೈಗೆಲ್ಲ ನಾರುವಂಥದು ಬಳಿಯಿತು. ಎಷ್ಟು ತೊಳೆದರೂ ಆ ನಾತ ಹೋಗಲಿಲ್ಲ. ಅವಳು ಮಣ್ಣು ತುಳಿದರೆ ಮಣ್ಣು ನಾರಿತು, ಮುದ್ದೆ ಕಟ್ಟಿದರೆ ಮುದ್ದೆ ನಾರಿತು.

‘ನೋಡೇ, ನೋಡು ಇದರ ಕೊಬ್ಬು! ಇಷ್ಟು ಉದ್ದ ಇಲ್ಲ, ಹಟ ನೋಡಿದ್ರೆ ಆನೆಯಷ್ಟು,’ ಎಂದು ಸೊಸೆಗೆ ಹೇಳಿದಳು. ಸೊಸೆ ಮಡಕೆಯೊಳಗೆ ಬಗ್ಗಿ ನೋಡಿ, ‘ಪಾಪ ಅತ್ತೆ’ ಅಂದಳು.

‘ಯಾರು ಪಾಪ? ಅದಾ ಪಾಪ? ನಾನು ಪಾಪ!’

ಅಷ್ಟರಲ್ಲಿ ಬೀದಿಗೆಲ್ಲ ಸುದ್ದಿ ಹೋಗಿತ್ತು. ಊರಿನವರು ಒಬ್ಬೊಬ್ಬರಾಗಿ ಬಂದು ಮಡಕೆಯ ಸುತ್ತ ಕೂರತೊಡಗಿದರು. ಕೆಟ್ಟದ್ದು ಬಯಸಿ ಬಂದವರಲ್ಲ. ಅವರಿಗೆ ಗೊತ್ತಿದ್ದ ಪ್ರೀತಿಯೇ ಅದು: ಬಂದು ನೋಡುವುದು. ಜ್ವರ ಬಂದವನನ್ನು ನೋಡುವುದು, ಹೆರುವವಳನ್ನು ನೋಡುವುದು, ತಿನ್ನದ ಹಾವನ್ನು ನೋಡುವುದು. ಒಬ್ಬರಿಗಿಂತ ಒಬ್ಬರು ಹತ್ತಿರ ಸರಿದು, ಮಡಕೆಯ ಕಂಠದ ಸುತ್ತ ಇನ್ನೊಂದು ಕಂಠ ಕಟ್ಟಿದ ಹಾಗೆ ತಲೆಗೆ ತಲೆ ತಾಗಿಸಿ ಬಗ್ಗಿ, ಎಲ್ಲರೂ ಒಟ್ಟಿಗೆ ಹಾಡುತ್ತಿದ್ದರು:

‘ತಿನ್ನು ತಿನ್ನು ಕೇರೆಕಂದ, ನಾವು ಕಾಣ್ತೀವಿ. ನುಂಗು ನುಂಗು ಮನೆಯ ಮಗನೆ, ನಾವು ಕಾಣ್ತೀವಿ.’

ಹಾಡು ಜೋರಾದಷ್ಟೂ ಮರಿಯ ಸುರುಳಿ ಬಿಗಿಯಾಯಿತು.

ಎದುರುಮನೆಯವಳಂತೂ ಮಡಕೆಯ ಹತ್ತಿರವೇ ಬೀಡುಬಿಟ್ಟಿದ್ದಳು. ‘ಅಲ್ಲ ಕಣೇ, ನಮ್ಮನೆ ಹಾವು ಬಂದ ದಿನವೇ ಎರಡು ನುಂಗ್ತು. ಕೈಗುಣ ಬೇಕು.’

‘ನಿನ್ನ ಹಾವು ನಿನ್ನ ಹಾಗೇ ಕಣೆ. ಮುಂದೆ ಇಟ್ಟಿದ್ದು ಏನು ಅಂತ ನೋಡದೆ ನುಂಗ್ತದೆ.’

‘ಹೇಳು, ಹೇಳು. ಬೂದಿ ಬಿದ್ದ ಮೇಲೆ ನನ್ನ ಜಗಲೀಗೆ ಬಾ, ಆಗ ಹೇಳುವಂತೆ.’

‘ನಿನ್ನ ಜಗಲಿಗೆ ಬರೋದಕ್ಕಿಂತ ಈ ಮಡಕೇಲಿ ಮುದುರಿಕೊಂಡು ಮಲಗ್ತೀನಿ.’

ಮಾತಿಗೆ ಮಾತು ಕೊಟ್ಟು ಕುಂಬಾರಗಿತ್ತಿ ಒಳಗೊಳಗೇ ಲೆಕ್ಕ ಹಾಕಿದಳು. ತನ್ನ ಪಾಡು ಹೇಗೋ. ಜಗಲಿ ಯಾವುದಾದರೇನು, ಮುದಿ ಬೆನ್ನಿಗೆ ಎಲ್ಲ ಕಲ್ಲೂ ಒಂದೇ. ಸೊಸೆ? ಊರಾಚೆ ಕಳಿಸಿದರೆ ಆ ಹುಡುಗಿ ಯಾವ ದಿಕ್ಕು ಹಿಡಿದು ಹೋಗುತ್ತಾಳೆ? ಮಗನ ನಡಿಗೆ ಹೇಗಿತ್ತು, ನಿದ್ದೆಯಲ್ಲಿ ಅವನು ಏನು ಗೊಣಗುತ್ತಿದ್ದ ಅಂತ ಬಲ್ಲವಳು ಈ ಲೋಕದಲ್ಲಿ ಅವಳೊಬ್ಬಳೇ. ಅವಳು ಹೋದರೆ ಮಗ ಇನ್ನೊಮ್ಮೆ ಹೋದ ಹಾಗೆ.

ಒಂದು ಮಧ್ಯಾಹ್ನ ಮರಿಯ ಕಣ್ಣು ಹೊಗೆ ಕುಡಿದ ಹಾಗೆ ಮಬ್ಬಾಯಿತು. ಮೈಯ ಹೊಳಪು ಹೋಯಿತು. ಪೊರೆ ಬರುವ ಗುರುತು. ನೆರೆದಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹಾಡು ನಿಲ್ಲಿಸಿ, ಊಟಕ್ಕೆ ಎದ್ದು ಹೋದರು. ಎಂದೂ ಬರಿದಾಗದ ಆ ಬೀದಿ ಆ ಹೊತ್ತು ಬಿಸಿಲಿಗೆ ಬರಿದಾಯಿತು.

ಕುಂಬಾರಗಿತ್ತಿ ಮಡಕೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಹೊಸ ಇಲಿಮರಿ ಎಲೆಯ ಮೇಲಿಟ್ಟಳು. ಮರಿ ತಲೆ ತಿರುಗಿಸಿತು. ಎಲೆಯನ್ನು ಆ ಕಡೆಗೆ ಸರಿಸಿದಳು. ಮರಿ ಈ ಕಡೆಗೆ ತಿರುಗಿತು. ಈ ಕಡೆಗೆ ತಂದಳು. ಆ ಕಡೆಗೆ ತಿರುಗಿತು. ಪಕ್ಕದಲ್ಲಿ ಸೊಸೆಯ ತಟ್ಟೆಯಲ್ಲಿ ಮುರಿದ ಮುದ್ದೆ, ಉಂಡೆ ಮಾಡಿ ಇಟ್ಟ ತುತ್ತು, ಮೇಲೆ ಹರಿದಾಡುವ ನೊಣ. ಅದರ ಪಕ್ಕ ಇನ್ನೊಂದು ತಟ್ಟೆ, ಬಿರಿದ ಮುದ್ದೆ. ಅವಳಿಗೆ ಏನಾಯಿತೋ, ಎದ್ದು ನಿಂತು ಕಿರುಚಿದಳು:

‘ತಿನ್ನಬೇಡ! ಯಾರೂ ತಿನ್ನಬೇಡಿ! ನಾನು ಬೇಯಿಸಿದ್ದು ಬೇಡ, ಹಿಡಿದು ತಂದಿದ್ದು ಬೇಡ, ಅಂಗೈಯಲ್ಲಿ ಕಾವು ಕೊಟ್ಟಿದ್ದು ಬೇಡ. ಹೋಗಿ, ಎಲ್ಲಾರೂ ಕೆಸರಿಗೇ ಹೋಗಿ! ನಿನ್ನ ಮುಖ ನನಗೆ ತೋರಿಸಬೇಡ!’

ಕೈಗೆ ಸಿಕ್ಕ ಹಸಿ ಗಡಿಗೆಯೊಂದನ್ನು ಎತ್ತಿ ಮಡಕೆಯ ಬಾಯಿಯ ಮೇಲೆ ಬೋರಲು ಹಾಕಿದಳು.

ಆ ಊರು ಹುಟ್ಟಿದ ಮೇಲೆ ಒಂದು ಪಾತ್ರೆಯ ಬಾಯಿಯ ಮೇಲೆ ಇನ್ನೊಂದು ಕೂತದ್ದು ಅದೇ ಮೊದಲು. ಹಾಕಿದ ಮೇಲೆ ಅವಳಿಗೇ ಭಯವಾಯಿತು. ಒಳಗೆ ಇರುವುದು ಕಾಣದು ಅಂದರೆ, ಇದೆಯೋ ಇಲ್ಲವೋ? ತೆಗೆಯಲು ಕೈ ಚಾಚಿದಳು. ಸಿಟ್ಟು ಬಿಡಲಿಲ್ಲ. ಮಡಕೆಗೆ ಬೆನ್ನು ತಿರುಗಿಸಿ ಕೂತಳು. ಆ ಊರಿನಲ್ಲಿ ಬೆನ್ನು ತಿರುಗಿಸುವುದೆಂದರೆ ಉಗಿಯುವುದಕ್ಕಿಂತ ಹೆಚ್ಚು. ಸೊಸೆ ಗೋಡೆಗೆ ಒರಗಿ ಬಿಟ್ಟ ಕಣ್ಣು ಬಿಟ್ಟ ಹಾಗೇ ನಿಂತಿದ್ದಳು.

ಹಾಗೆ ಕೂತಿದ್ದಾಗ ಬೆನ್ನ ಹಿಂದೆ ಎಲೆ ಸದ್ದು ಮಾಡಿತು.

ಪರ್. ಸುಮ್ಮನಾಯಿತು. ಪರ್ ಪರ್. ಮತ್ತೆ ಸುಮ್ಮನಾಯಿತು. ಒಣ ಎಲೆಯ ಮೇಲೆ ಯಾರೋ ಬಹಳ ನಿಧಾನವಾಗಿ, ಬಹಳ ನಾಚಿಕೆಯಿಂದ, ಏನನ್ನೋ ಎಳೆದುಕೊಂಡ ಹಾಗೆ.

ಹೊತ್ತು ಇಳಿದ ಮೇಲೆ ಗಡಿಗೆ ಎತ್ತಿ ನೋಡಿದಳು. ಎಲೆ ಬರಿದಾಗಿತ್ತು. ಮರಿಯ ಹೊಟ್ಟೆಯಲ್ಲಿ, ದಾರಕ್ಕೆ ಹಾಕಿದ ಗಂಟಿನ ಹಾಗೆ, ಒಂದು ಉಬ್ಬು.

ಕುಂಬಾರಗಿತ್ತಿ ಬೀದಿಯ ಉದ್ದಕ್ಕೂ ಕೂಗಿಕೊಂಡು ಓಡಿದಳು. ಊರು ಬಂತು. ನೋಟಗಾರ ಬೂದಿಯ ಗಡಿಗೆಯ ಸಮೇತ ಬಂದ. ಬಗ್ಗಿ ಉಬ್ಬನ್ನು ನೋಡಿದ, ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದ.

‘ಕಂಡವರು ಯಾರು?’

‘ಉಬ್ಬು ಕಾಣ್ತಿದೆಯಲ್ಲಪ್ಪ!’

‘ಉಬ್ಬು ಕಾಣ್ತದೆ. ತಿಂದಿದ್ದು ಕಂಡವರು ಯಾರು?’

‘ಯಾರೂ ಇಲ್ಲ. ಮುಚ್ಚಿದ್ದೆ.’

ಮುಚ್ಚಿದ್ದೆ ಅನ್ನುವ ಮಾತಿಗೆ ಜನ ಒಂದು ಹೆಜ್ಜೆ ಹಿಂದೆ ಸರಿದರು. ತಾಯಂದಿರು ಕೂಸುಗಳನ್ನು ಎತ್ತಿಕೊಂಡರು. ಆಗ ಎದುರುಮನೆಯವಳು ಇದ್ದಕ್ಕಿದ್ದಂತೆ ಮುಂದೆ ನುಗ್ಗಿ, ‘ನಾನು ಕಂಡೆ! ನಮ್ಮ ಜಗಲಿಯಿಂದಲೇ ಕಂಡೆ!’ ಅಂದಳು.

ನೋಟಗಾರ ಅವಳ ಕಡೆ ತಿರುಗಿದ. ‘ಮಡಕೆಯ ಗೋಡೆಯೊಳಗಿಂದ ಕಂಡೆಯಾ?’

ಎದುರುಮನೆಯವಳು ಸೆರಗು ಸರಿಮಾಡಿಕೊಂಡಳು. ‘ನನಗೆ ಒಲೆ ಆರೋದು ಬೇಕಿಲ್ಲಪ್ಪ,’ ಅಂದಳು ಸಣ್ಣ ದನಿಯಲ್ಲಿ. ‘ಇವಳು ನನ್ನ ಜಗಲಿಗೆ ಬಂದ್ರೆ ದಿನವೆಲ್ಲ ಬೈತಾಳೆ.’ ಕುಂಬಾರಗಿತ್ತಿ ಆ ಗಯ್ಯಾಳಿಯ ಮುಖವನ್ನು ಅಂದು ಮೊದಲ ಸಲ ಪೂರ್ತಿ ನೋಡಿದಳು.

ನೋಟಗಾರ ಕೆಟ್ಟವನಲ್ಲ. ‘ಪೊರೆ ಇನ್ನೂ ಬಿಟ್ಟಿಲ್ಲ. ಉಬ್ಬು ಕರಗಲಿ. ಕಣ್ಣು ತಿಳಿಯಾದ ಹೊತ್ತಿಗೆ ಬರ್ತೀನಿ. ಅವತ್ತು ನಮ್ಮೆದುರು ತಿಂದರೆ ಆಯ್ತು. ಇಲ್ಲದಿದ್ರೆ ಇದು,’ ಎಂದು ಬೂದಿಯ ಗಡಿಗೆ ತಟ್ಟಿದ. ಬೂದಿ ಎದ್ದು ಅವನ ಕಣ್ಣಿಗೇ ಬಿತ್ತು.

ಉಬ್ಬು ಕರಗಿತು. ಮಬ್ಬು ಕಣ್ಣು ತಿಳಿಯಾಯಿತು. ಹಾವಿನ ಕಣ್ಣು ಹಾಗೆ ತಿಳಿಯಾದರೆ ಪೊರೆ ಇವತ್ತೋ ನಾಳೆಯೋ ಕಳಚುತ್ತದೆ. ಬೆಳಿಗ್ಗೆ ಬಿಸಿಲು ಬೀಳುವ ಮೊದಲೇ ಜಗಲಿ ತುಂಬಿತು, ಬೀದಿ ತುಂಬಿತು, ಮರ ತುಂಬಿತು. ನೋಟಗಾರ ಮಡಕೆಯ ಎದುರು ಚಕ್ಕಂಬಕ್ಕಳ ಹಾಕಿ ಕೂತ. ಕುಂಬಾರಗಿತ್ತಿ ಇಲಿಮರಿ ಎಲೆಯ ಮೇಲಿಟ್ಟಳು.

ಊರು ಹಾಡಿತು. ಮರಿ ತಲೆ ಅಡಗಿಸಿತು. ಊರು ಬಗ್ಗಿತು. ಮರಿ ಮಡಕೆಯ ಗೋಡೆ ಹತ್ತಿ ಜಾರಿ ಬಿತ್ತು. ಊರು ಉಸಿರು ಬಿಗಿಹಿಡಿದು ಕಾದಿತು, ಮತ್ತೆ ಹಾಡಿತು, ಹಾಡಿ ಹಾಡಿ ಗಂಟಲು ಕಟ್ಟಿತು. ಬಿಸಿಲು ಜಗಲಿಗೆ ಬಂತು, ಜಗಲಿಯಿಂದ ಇಳಿಯಿತು. ಕುಂಬಾರಗಿತ್ತಿ ಇಲಿಮರಿಯನ್ನು ಬೆಚ್ಚಗೆ ಮಾಡಿ ಇಟ್ಟಳು, ಕುಣಿಸಿದಳು, ಬೇಡಿಕೊಂಡಳು, ಹಲ್ಲು ಕಡಿದು ಬೈದಳು. ‘ಒಂದೇ ಒಂದು ಸಲ ಕಣೋ, ನನ್ನಪ್ಪ. ಇವರೆದುರಿಗೆ ಒಂದು ಸಲ. ಆಮೇಲೆ ಜೀವಮಾನ ಬೇಕಾದ್ರೆ ನೀನು ಯಾರ ಮುಖಾನೂ ನೋಡಬೇಡ.’

ಮರಿ ಅವಳ ಕಡೆ ನೋಡಿತು. ನಾಲಿಗೆ ಚಾಚಿತು. ತಲೆ ಅಡಗಿಸಿತು.

ನೋಟಗಾರ ಮೊಣಕಾಲಿಗೆ ಕೈ ಊರಿ ಎದ್ದ. ಬೂದಿಯ ಗಡಿಗೆ ಸೊಂಟಕ್ಕೇರಿತು. ‘ಸೊಸೆಯನ್ನ ಕರಿ. ಸೀರೆ ಗಂಟು ಕಟ್ಟಿಕೊಳ್ಳಲಿ.’

ಸೊಸೆ ಅಲ್ಲೇ ಇದ್ದಳು, ತಟ್ಟೆಗಳ ಮುಂದೆ. ಗಂಟು ಕಟ್ಟಲು ಅವಳು ಏಳಲಿಲ್ಲ. ತುತ್ತು ಬೆರಳಲ್ಲಿತ್ತು. ಇಷ್ಟು ಜನರ ಕಣ್ಣು ಒಮ್ಮೆಗೇ ಹಾವನ್ನು ಬಿಟ್ಟು ಅವಳ ಮೇಲೆ ಹೊರಳಿದವು. ಆಗ ಅವಳು ಮಾಡಿದ್ದನ್ನು ಕುಂಬಾರಗಿತ್ತಿ ಕಂಡಳು: ಮೊಣಕಾಲು ಮಡಿಚಿ, ಬೆನ್ನು ಬಗ್ಗಿಸಿ, ಸುರುಳಿಯಾಗಿ, ತಲೆಯನ್ನು ತೋಳಿನ ಅಡಿಗೆ ತೂರಿಸಿದಳು.

ಮಡಕೆಯೊಳಗೆ ಮರಿ ಇದ್ದದ್ದೂ ಹಾಗೇ.

‘ತಿರುಗ್ರೋ,’ ಅಂದಳು ಕುಂಬಾರಗಿತ್ತಿ.

ಯಾರಿಗೂ ಅರ್ಥವಾಗಲಿಲ್ಲ.

‘ಬೆನ್ನು ತಿರುಗಿಸ್ರೋ! ನಿಮ್ಮ ಕಾಲು ಹಿಡೀತೀನಿ. ಮುಚ್ಚೋದು ಬೇಡ, ಮುಚ್ಚಳ ಬೇಡ. ನೀವು ಇಲ್ಲೇ ಇರಿ, ಎಲ್ಲೂ ಹೋಗಬೇಡಿ. ಬರೀ ಆ ಕಡೆ ತಿರುಗಿ ನಿಂತ್ಕೊಳ್ಳಿ. ಒಂದು ತುತ್ತು ಇಳಿಯೋವಷ್ಟು ಹೊತ್ತು!’

‘ನಾನು ಹುಟ್ಟಿದ ಮೇಲೆ ಯಾವುದಕ್ಕೂ ಬೆನ್ನು ತೋರಿಸಿದವನಲ್ಲ,’ ಎಂದ ನೋಟಗಾರ.

‘ಅದಕ್ಕೇ ಕಣಪ್ಪ ನಿನ್ನ ಕಣ್ಣು ಹಾಗಿರೋದು. ಒಂದು ಗಳಿಗೆ ಅದಕ್ಕೂ ಪುರಸೊತ್ತು ಕೊಡು.’

ಯಾರೂ ಅಲುಗಲಿಲ್ಲ. ಮೊದಲು ತಿರುಗಿದವಳು ಎದುರುಮನೆಯವಳು. ‘ನನಗಂತೂ ಇವಳ ಮುಖ ನೋಡಿ ನೋಡಿ ಸಾಕಾಗಿದೆ,’ ಎಂದು ಗೊಣಗಿ, ಧಡಕ್ಕನೆ ಬೆನ್ನು ಹಾಕಿದಳು. ಅವಳ ಪಕ್ಕದವನು ತಿರುಗಿದ. ಅವನ ಹಿಂದಿನವಳು ತಿರುಗಿದಳು. ಗಾಳಿಗೆ ಪೈರು ಹೊರಳಿದ ಹಾಗೆ ಜಗಲಿ ತಿರುಗಿತು, ಬೀದಿ ತಿರುಗಿತು, ಮರದ ಮೇಲಿದ್ದವರು ಕೊಂಬೆ ತಬ್ಬಿಕೊಂಡು ಆ ಕಡೆಗೆ ಮುಖ ಮಾಡಿದರು. ಕೊನೆಗೆ ನೋಟಗಾರ, ಕಾಲು ಎಲ್ಲಿಡಬೇಕು ಅಂತ ತಿಳಿಯದ ಕೂಸಿನ ಹಾಗೆ ತಡವರಿಸಿ, ಒಂದು ಸುತ್ತು ತಿರುಗಿ ನಿಂತ. ಎಲ್ಲರೂ ತಿರುಗಿದ ಮೇಲೆ ಕುಂಬಾರಗಿತ್ತಿಯೂ ತಿರುಗಿದಳು.

ಊರು ಮೌನವಾಯಿತು. ಎದುರಿಗೆ ನೋಡಲು ಏನೂ ಇರಲಿಲ್ಲ, ಎದುರುಮನೆಯ ಪಕ್ಕದಿಂದ ಕೆರೆ ಮಾತ್ರ ಕಾಣುತ್ತಿತ್ತು.

ಪರ್, ಎಂದಿತು ಎಲೆ.

ಯಾರೋ ತಿರುಗಲು ಹೋದರು. ಪಕ್ಕದವರು ರಟ್ಟೆ ಹಿಡಿದು ನಿಲ್ಲಿಸಿದರು. ಪರ್ ಪರ್. ಆಮೇಲೆ ಇನ್ನೊಂದು ಸದ್ದು ಬಂತು. ಅದು ಎಲೆಯದಲ್ಲ. ಅದು ಮೊದಲು ಬಿಕ್ಕಿದ ಹಾಗಿತ್ತು, ಆಮೇಲೆ ನರಳಿದ ಹಾಗೆ, ಆಮೇಲೆ ಕಟ್ಟೆ ಒಡೆದ ಹಾಗೆ. ಸೊಸೆ ಅಳುತ್ತಿದ್ದಳು. ಗಂಡನ ಹೆಸರು ಹಿಡಿದು, ಅವನು ಬರುವುದಿಲ್ಲ ಅಂತ ತಿಳಿದವಳು ಅಳುವ ಹಾಗೆ ಅಳುತ್ತಿದ್ದಳು. ಕಂಡವರಿಲ್ಲದ ಸಾವಿಗೆ, ಕಾಣುವವರಿಲ್ಲದ ಅಳು. ಕುಂಬಾರಗಿತ್ತಿಯ ಗಂಟಲಿನ ಮಣ್ಣಿನ ಮುದ್ದೆ ಕರಗಿ ಕಣ್ಣಿಂದ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ, ಯಾರು ನೋಡುತ್ತಿದ್ದರು? ಸಾಲಾಗಿ ನಿಂತ ಬೆನ್ನುಗಳಲ್ಲಿ ಅಲ್ಲೊಂದು ಇಲ್ಲೊಂದು ನಡುಗಿದವು. ಅವರವರದು ಏನೇನಿತ್ತೋ.

ಅಳು ನಿಧಾನವಾಗಿ ತಗ್ಗಿತು. ಮೂಗು ಸೀಟಿದ ಸದ್ದು. ಆಮೇಲೆ, ಇದೂ ಎಲೆಯದಲ್ಲ, ತಟ್ಟೆಗೆ ಬೆರಳು ತಾಗಿದ ಸದ್ದು. ಸಾರು ಹೀರಿದ ಸದ್ದು. ಮುದ್ದೆ ಗಂಟಲಿಳಿದ ಸದ್ದು.

ನೋಟಗಾರ ಬಹಳ ಹೊತ್ತು ಹಾಗೇ ನಿಂತು, ತಿರುಗಿದ. ಎಲ್ಲರೂ ತಿರುಗಿದರು. ಮಡಕೆಯಲ್ಲಿ ಇಲಿಮರಿ ಇರಲಿಲ್ಲ. ಮರಿಯ ಹೊಟ್ಟೆಯಲ್ಲಿ ಗಂಟಿತ್ತು, ಬಾಯಿ ಸರಿಮಾಡಿಕೊಳ್ಳಲು ಅದು ಒಮ್ಮೆ ಆಕಳಿಸಿತು. ಸೊಸೆಯ ತಟ್ಟೆ ಅರ್ಧ ಬರಿದಾಗಿತ್ತು, ಗಲ್ಲಕ್ಕೆ ಸಾರು ಹತ್ತಿತ್ತು.

‘ಕಂಡವರು ಯಾರು?’ ಎಂದ ನೋಟಗಾರ. ಅಭ್ಯಾಸ.

ಯಾರೂ ಮಾತಾಡಲಿಲ್ಲ.

ಅವನು ಬೂದಿಯ ಗಡಿಗೆಯ ಕಡೆ ನೋಡಿದ, ಒಲೆಯ ಕಡೆ ನೋಡಿದ. ನಿಂತು, ಆ ಊರಿನಲ್ಲಿ ಯಾರೂ ಎಂದೂ ಕೇಳದ ಮಾತೊಂದನ್ನು, ತಡೆ ತಡೆದು, ಕೇಳಿದ. ‘ಸದ್ದು... ಸದ್ದು ಕೇಳಿಸಿಕೊಂಡವರು ಯಾರು?’

‘ನಾನು,’ ಅಂದಳು ಎದುರುಮನೆಯವಳು. ‘ನಾನು,’ ಅಂತು ಜಗಲಿ. ‘ನಾನು, ನಾನು,’ ಅಂತು ಬೀದಿ. ಮರದ ಮೇಲಿಂದಲೂ ಬಂತು. ಎಲೆಯ ಸದ್ದಿಗೆ ಅಂದರೋ, ಅಳುವಿಗೆ ಅಂದರೋ, ಅವರು ಬೇರೆ ಮಾಡಲಿಲ್ಲ, ಅವನೂ ಬೇರೆ ಮಾಡಿ ಕೇಳಲಿಲ್ಲ.

‘ಹಾಗಾದ್ರೆ ಆಯ್ತು,’ ಎಂದ. ‘ಎರಡೂ ಆಯ್ತು.’

ಹೊರಟವನು ಮೆಟ್ಟಿಲಿನಿಂದ ವಾಪಸು ಬಂದ. ಯಾರಿಗೂ ಕೇಳದ ಹಾಗೆ ಕುಂಬಾರಗಿತ್ತಿಯ ಹತ್ತಿರ ಬಗ್ಗಿ, ‘ಅವ್ವಾ, ಅವತ್ತು ಮಡಕೆ ಮೇಲೆ ಏನೋ ಇಟ್ಟಿದ್ದೆಯಂತಲ್ಲ, ಅಂಥದೊಂದು ಸಣ್ಣದು... ಈ ಗಡಿಗೆಗೆ ಆಗ್ತದಾ? ಕಣ್ಣುರಿ ತಡೆಯಕ್ಕಾಗಲ್ಲ,’ ಅಂದ.

ಕುಂಬಾರಗಿತ್ತಿ ತಿಗರಿಯ ಚಕ್ರದ ಮುಂದೆ ಕೂತಳು. ಜೀವಮಾನವೆಲ್ಲ ಬಾಯಿ ಬಿಡಿಸಿದ ಕೈಗೆ ಬಾಯಿ ಮುಚ್ಚುವುದು ಬರಲಿಲ್ಲ. ಮೊದಲ ಮುಚ್ಚಳ ಗಡಿಗೆಯೊಳಗೇ ಬಿತ್ತು. ಎರಡನೆಯದು ಜಾರಿ ನೆಲಕ್ಕೆ ಬಿತ್ತು. ‘ಥೂ ನಿನ್ನ! ಹಾವು ತಿಂದಿದ್ದಾಯ್ತು, ಈಗ ನಿನ್ನದು ಶುರುವಾಯ್ತಾ?’ ಎಂದು ಮಣ್ಣನ್ನು ಬೈದಳು.

ಸೊಸೆ ಎದ್ದಳು. ಬರುವವನ ತಟ್ಟೆಯಲ್ಲಿದ್ದ ಆರಿದ ಮುದ್ದೆಯನ್ನು ಕೋಳಿಗೆ ಹಾಕಿದಳು. ತಟ್ಟೆ ತೊಳೆದು, ಒರೆಸಿ, ಹಾವಿನ ಮಡಕೆಯ ಬಾಯಿಯ ಮೇಲೆ ಬೋರಲು ಇಟ್ಟಳು. ಒಂದು ಕಡೆ ಬೆರಳಗಲ ಸಂದಿ ಬಿಟ್ಟಳು, ಗಾಳಿಗೆ. ಅದು ಅಲ್ಲಿಗೇ ಮಾಡಿದ ಹಾಗೆ ಕೂತಿತು. ಒಳಗೆ ಮರಿ ಕತ್ತಲಲ್ಲಿ ಮೈ ಸಡಿಲಿಸಿತು. ಮಾರನೆಯ ಬೆಳಿಗ್ಗೆ ಎಲೆಯ ಮೇಲೆ ಪೊರೆ ಇತ್ತು, ಬಿಚ್ಚಿಟ್ಟ ಅಂಗಿಯ ಹಾಗೆ. ಅದನ್ನೂ ಯಾರೂ ಕಂಡಿರಲಿಲ್ಲ.

ಆದರೆ ಅದಕ್ಕೆ ಮೊದಲು ಆ ಸಂಜೆಯ ಊಟ ಇತ್ತಲ್ಲ. ಎರಡೇ ತಟ್ಟೆ. ಅತ್ತೆ ಬೀದಿಗೆ ಮುಖ ಮಾಡಿ ಕೂತಳು. ಸೊಸೆ ಗೋಡೆಗೆ ಮುಖ ಮಾಡಿ, ಅತ್ತೆಯ ಬೆನ್ನಿಗೆ ಬೆನ್ನು ಆನಿಸಿ ಕೂತಳು. ಹಾದುಹೋಗುವವರು ಹಾದುಹೋದರು. ಸ್ವಲ್ಪ ಹೊತ್ತು ಬರೀ ಅಗಿಯುವ ಸದ್ದು. ಆಮೇಲೆ ಬೆನ್ನ ಹಿಂದಿನಿಂದ ದನಿ ಬಂತು.

‘ಅತ್ತೆ, ಸಾರಿಗೆ ಉಪ್ಪು ಕಮ್ಮಿ.’

ಕುಂಬಾರಗಿತ್ತಿಗೆ ನೆತ್ತಿಗೇರಿತು. ಇಷ್ಟು ದಿನ ಮುಟ್ಟದವಳು, ಉಂಡ ಮೊದಲ ದಿನವೇ ಉಪ್ಪಂತೆ! ಬಾಯಿ ತುಂಬ ಬೈಗುಳ ಬಂತು. ಅದನ್ನು ಮುದ್ದೆಯ ಜೊತೆ ನುಂಗಿದಳು. ತಿರುಗಿ ನೋಡದೆ, ಉಪ್ಪಿನ ಕುಡಿಕೆಯನ್ನು ತಡಕಿ, ಹಿಂದಕ್ಕೆ ಸರಿಸಿದಳು.